ಯಂತ್ರಸಿಂಹಕ್ಕೆ ಕೆಳಗಿನ ಮೆಟ್ಟಿಲಾದರೂ ಬೇಡವೆ?

ಕಳೆದ ನವರಾತ್ರಿಯಲ್ಲಿ ನಮ್ಮ ಸಂಘದ ಸಭಾಭವನಕ್ಕೆ ಗೊಂಬೆ ನೋಡಲು ಬಂದವರಿಗೆ ಒಂದು ವಿಷಯ ಗೊತ್ತಿರಲಾರದು. ಒಂಬತ್ತು ಮೆಟ್ಟಿಲುಗಳ ಆ ಸೊಗಸಾದ ಅಲಂಕಾರದ ಹಿಂದೆ, ಪರದೆಯ ಮರೆಯಲ್ಲಿ, ಮಡಿಸಿಟ್ಟ ಕುರ್ಚಿಗಳ ಸಂದಿಯಲ್ಲಿ ಒಂದು ನೀಲಿ ಸಿಂಹ ಮೂರು ದಿನ ನಿಂತಿತ್ತು. ಅದನ್ನು ಅಲ್ಲಿಗೆ ಸರಿಸಿದವರು ನಮ್ಮ ಕಾರ್ಯಕಾರಿ ಸಮಿತಿಯವರು. ಅದನ್ನು ಕಟ್ಟಿದವನು ನನ್ನ ಮೊಮ್ಮಗ, ಹದಿಮೂರು ವರ್ಷದವನು. "ಇದು ಗೊಂಬೆಯಲ್ಲ ಮರಿ, ಆಟಿಕೆ. ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ" ಎಂದು ಅವನ ತಲೆ ಸವರಿ ಹೇಳಿದರಂತೆ. ಸವರಿದ್ದು ಪ್ರೀತಿಯಿಂದಲೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಆದರೆ ಕಳೆದ ಸಂಚಿಕೆಯಲ್ಲಿ ಹಿರಿಯ ಸದಸ್ಯರೊಬ್ಬರು, ಹೆಸರು ಹೇಳದೆ, ಇದೇ ಸಿಂಹವನ್ನು ಉದ್ದೇಶಿಸಿ ನಾಲ್ಕು ಮಾತು ಬರೆದಿದ್ದಾರೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಜಪಾನಿನ ಪ್ಲಾಸ್ಟಿಕ್ ರಾಕ್ಷಸರ ಹಿಂದೆ ಬಿದ್ದಿದ್ದಾರೆ, ತಂದೆತಾಯಿಗಳ ಹಣ ನೀರಾಗುತ್ತಿದೆ, ವಿದ್ಯೆ ಹಾಳಾಗುತ್ತಿದೆ, ಇದಕ್ಕೆ ಸಂಘ ಉತ್ತೇಜನ ಕೊಡಬಾರದು ಎಂಬುದು ಅವರ ವಾದ. ಅವರನ್ನು ನಾನು ನಲವತ್ತು ವರ್ಷಗಳಿಂದ ಬಲ್ಲೆ. ಆ ಸಲಿಗೆಯಿಂದಲೇ ಕೇಳುತ್ತೇನೆ: ಸ್ವಾಮಿ, ನೀವು ಅದನ್ನು ಕೈಗೆ ಎತ್ತಿಕೊಂಡು ನೋಡಿದಿರಾ?

ನೋಡಿಲ್ಲದವರಿಗಾಗಿ ಅದೇನೆಂದು ಮೊದಲು ಹೇಳಿಬಿಡುತ್ತೇನೆ. ಜಪಾನಿನಲ್ಲಿ ಟೋಮಿ ಎಂಬ ಆಟಿಕೆ ಕಂಪೆನಿಯಿತ್ತು. ೨೦೦೬ರಲ್ಲಿ ಅದು ಟಕಾರ ಎಂಬ ಇನ್ನೊಂದು ಕಂಪೆನಿಯ ಜೊತೆ ಸೇರಿ ಟಕಾರ ಟೋಮಿ ಆಯಿತು. ಆ ಟೋಮಿಯವರು ೧೯೮೦ರ ದಶಕದ ಆರಂಭದಲ್ಲಿ 'ಝೋಯ್ಡ್' ಎಂಬ ಯಂತ್ರಪ್ರಾಣಿಗಳ ಸಾಲನ್ನು ಹೊರತಂದರು. ಸಿಂಹ, ಆನೆ, ಹಿಂದಿನ ಕಾಲದ ದೈತ್ಯ ಹಲ್ಲಿಗಳು; ಎಲ್ಲವೂ ಲೋಹದ ಕವಚ ತೊಟ್ಟಂತೆ, ಒಳಗಿನ ಎಲುಬು ಕೀಲುಗಳೆಲ್ಲ ಯಂತ್ರಭಾಗಗಳಂತೆ. ಅಂಗಡಿಯಲ್ಲಿ ಸಿಗುವುದು ಪ್ರಾಣಿಯಲ್ಲ, ಒಂದು ಪೆಟ್ಟಿಗೆ. ಒಳಗೆ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು, ಅಚ್ಚುಗಳ ತುದಿಗೆ ಸಿಕ್ಕಿಸುವ ರಬ್ಬರು ಟೋಪಿಗಳು, ಚಿಕ್ಕದಾದರೆ ಕೀಲಿ ಕೊಡುವ ಸ್ಪ್ರಿಂಗು, ದೊಡ್ಡದಾದರೆ ಬ್ಯಾಟರಿಯ ಮೋಟಾರು. ಅಂಟು ಬೇಕಿಲ್ಲ. ಜೋಡಿಸಿ ಮುಗಿಸಿದರೆ ಅದು ನಡೆಯುತ್ತದೆ. ೨೦೦೬ರಿಂದ ಕೊಟೊಬುಕಿಯ ಎಂಬ ಮತ್ತೊಂದು ಜಪಾನಿ ಕಂಪೆನಿ ಇದೇ ಪ್ರಾಣಿಗಳನ್ನು ೧/೭೨ ಅಳತೆಯಲ್ಲಿ, ಇನ್ನೂ ದೊಡ್ಡದಾಗಿ, ನೂರಾರು ಬಿಡಿಭಾಗಗಳಲ್ಲಿ ಮಾಡತೊಡಗಿತು. ಇವು ನಡೆಯುವುದಿಲ್ಲ. ಆದರೆ ಒಂದೊಂದು ಕೀಲೂ ಮಡಿಯುತ್ತದೆ, ತಿರುಗುತ್ತದೆ, ತಿರುಗಿಸಿದಲ್ಲಿ ನಿಲ್ಲುತ್ತದೆ. ನಮ್ಮ ಹುಡುಗ ಕಟ್ಟಿದ್ದು ಇಂಥದೇ ಒಂದು, 'ಶೀಲ್ಡ್ ಲೈಗರ್' ಎಂದು ಅದರ ಹೆಸರು. ಅವನ ಸೋದರಮಾವ ಜಪಾನಿನಿಂದ ಬರುವಾಗ ತಂದುಕೊಟ್ಟದ್ದು.

ಈಗ ನನ್ನ ಕಸುಬಿನ ಮಾತು. ೧೯೭೪ರಲ್ಲಿ ತುಮಕೂರಿನ ಕಡೆಯಿಂದ ಪುಣೆಗೆ ಬಂದ ನಾನು ಪಿಂಪರಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತಾರು ವರ್ಷ ದುಡಿದೆ. ಪ್ಲಾಸ್ಟಿಕ್ ಭಾಗಗಳಿಗೆ ಉಕ್ಕಿನ ಅಚ್ಚು ಮಾಡುವುದೇ ಅನ್ನ ಕೊಟ್ಟ ಕೆಲಸ. ಆದ್ದರಿಂದ ಪೆಟ್ಟಿಗೆ ತೆರೆದ ದಿನ ಮೊಮ್ಮಗ ಸಿಂಹವನ್ನು ನೋಡಿದರೆ ನಾನು ನೋಡಿದ್ದು ಅಚ್ಚನ್ನು. ಕಾದು ಕರಗಿದ ಪ್ಲಾಸ್ಟಿಕ್ಕನ್ನು, ಇನ್ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಅದು ಆರುವಾಗ ಕುಗ್ಗುತ್ತದೆ. ಗೋಡೆ ದಪ್ಪವಿದ್ದ ಕಡೆ ಹೆಚ್ಚು ಕುಗ್ಗಿ ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಒಂದು ಗೆರೆ ಉಳಿಯುತ್ತದೆ. ಭಾಗವನ್ನು ಹೊರದೂಡುವ ಪಿನ್ನುಗಳು ದುಂಡನೆಯ ಗುರುತು ಬಿಡುತ್ತವೆ. ಇವನ್ನೆಲ್ಲ ಕಣ್ಣಿಗೆ ಬೀಳದ ಒಳಮೈಗೆ ಹೇಗೆ ತಳ್ಳುವುದು, ಗೂಟ ತೂತಿಗೆ ಬಿಗಿಯಾಗಿ ಕೂರಬೇಕು ಆದರೆ ಹದಿಮೂರರ ಹುಡುಗನ ಬೆರಳ ಒತ್ತಿಗೆ ಕೂರಬೇಕು, ಆ ಬಿಗಿಯನ್ನು ಎಷ್ಟಕ್ಕೆ ನಿಲ್ಲಿಸುವುದು, ಇದಕ್ಕೇ ನಾವು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಲೆಕ್ಕ ಹಾಕಿ ರಾತ್ರಿಪಾಳಿ ಮಾಡುತ್ತಿದ್ದೆವು. ಆ ಸಿಂಹದ ತೊಡೆಯ ಭಾಗವನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಹೊರಳಿಸಿ ಹೊರಳಿಸಿ ನೋಡಿದೆ. ಆ ಅಚ್ಚು ಮಾಡಿದ ಮಹಾನುಭಾವ ಯಾರೋ, ಎದುರಿಗೆ ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದೆ. ಸಂಸ್ಕೃತಿ ಎಂದರೆ ಏನೆಂದು ನಮ್ಮ ಸಮಿತಿಯವರಷ್ಟು ನನಗೆ ತಿಳಿಯದು. ಒಳ್ಳೆಯ ಕೆಲಸ ಯಾವುದೆಂದು ಮಾತ್ರ ತಿಳಿಯುತ್ತದೆ.

ಇನ್ನು ಹುಡುಗ ಮಾಡಿದ್ದೇನು? "ಪೆಟ್ಟಿಗೆಯಲ್ಲಿ ಎಲ್ಲ ಕೊಟ್ಟಿರುತ್ತಾರೆ, ಜೋಡಿಸುವುದರಲ್ಲಿ ಏನಿದೆ?" ಎಂದು ಕೇಳುವವರಿದ್ದಾರೆ. ಅಕ್ಕಿ, ಬೇಳೆ, ಹುಣಿಸೆಹಣ್ಣು ಎಲ್ಲ ಕೊಟ್ಟಿದ್ದೇವಲ್ಲ, ಬಿಸಿಬೇಳೆ ಭಾತಿನಲ್ಲಿ ಏನಿದೆ ಎಂದು ಇವರು ಮನೆಯಲ್ಲಿ ಕೇಳಿ ನೋಡಲಿ! ಚೌಕಟ್ಟಿನಿಂದ ಒಂದು ಭಾಗವನ್ನು ಬಿಡಿಸುವುದಕ್ಕೇ ಎರಡು ಕತ್ತರಿಕೆ ಬೇಕು. ಮೊದಲನೆಯದು ದೂರದಲ್ಲಿ, ಎರಡನೆಯದು ಮೈಗೆ ಹತ್ತಿರ. ಆತುರಪಟ್ಟು ಒಂದೇ ಏಟಿಗೆ ಕತ್ತರಿಸಿದರೆ ಆ ಜಾಗ ಬೆಳ್ಳಗೆ ಚುಕ್ಕೆಯಾಗಿ ನಿಂತುಬಿಡುತ್ತದೆ. ಆಮೇಲೆ ನಾನ್ನೂರು, ಆರುನೂರು, ಸಾವಿರದ ಸ್ಯಾಂಡ್ ಪೇಪರಿನಿಂದ ಒಂದರ ಮೇಲೊಂದು ಉಜ್ಜಬೇಕು. ಸೂಚನಾ ಪುಸ್ತಕ ಜಪಾನಿ ಭಾಷೆಯಲ್ಲಿ. ಚಿತ್ರ ನೋಡಿಯೇ ಅರ್ಥ ಮಾಡಿಕೊಳ್ಳಬೇಕು, ಅಂದರೆ ಹಾಳೆಯ ಮೇಲಿನ ಗೆರೆಗಳನ್ನು ಮನಸ್ಸಿನಲ್ಲಿ ತಿರುಗಿಸಿ ವಸ್ತುವನ್ನಾಗಿ ಕಾಣಬೇಕು. ನಮ್ಮ ಟೂಲ್ ರೂಮಿಗೆ ಡಿಪ್ಲೊಮಾ ಮುಗಿಸಿ ಬರುತ್ತಿದ್ದ ಹುಡುಗರಲ್ಲಿ ಎಷ್ಟೋ ಮಂದಿಗೆ ಬಾರದಿದ್ದ ವಿದ್ಯೆ ಇದು.

ಬೇಸಿಗೆ ರಜೆಯಲ್ಲಿ ಶುರು ಮಾಡಿದ. ಮುಂಗಾಲಿನ ಕಣಕಾಲಿಗೆ ಬಂದಾಗ ಬಲ ಹಾಕಿ ಒತ್ತಿ ಗೂಟ ಮುರಿದುಕೊಂಡ. ಎರಡು ದಿನ ಯಾರೊಡನೆಯೂ ಮಾತಿಲ್ಲ. ನನಗೋ ಕೈ ನವೆಯುತ್ತಿತ್ತು. ಆದರೆ ಮುಟ್ಟಲಿಲ್ಲ. (ಮಕ್ಕಳ ಹೆಸರಿನಲ್ಲಿ ಪೆಟ್ಟಿಗೆ ತಂದು ತಾವೇ ಕಟ್ಟಿ ಗಾಜಿನ ಕಪಾಟಿನಲ್ಲಿಡುವ ಅಪ್ಪಂದಿರನ್ನೂ ನಾನು ಬಲ್ಲೆ. ಅವರ ಬಗ್ಗೆ ಇನ್ನೊಂದು ಲೇಖನವನ್ನೇ ಬರೆಯಬೇಕು.) ಮೂರನೆಯ ದಿನ ಅವನೇ ಬಂದು, "ತಾತ, ಮುರಿದ ಬೋಲ್ಟು ನೀವು ಹೇಗೆ ತೆಗೆಯುತ್ತಿದ್ದಿರಿ?" ಎಂದ. ಹೇಳಿದೆ. ಇಬ್ಬರೂ ರವಿವಾರ ಪೇಠೆಯ ಬೋಹರಿ ಆಳಿಗೆ ಹೋಗಿ, ಒಂದು ಮಿಲಿಮೀಟರಿನ ಡ್ರಿಲ್ಲನ್ನೂ ಒಂದು ಮೊಳ ಹಿತ್ತಾಳೆ ತಂತಿಯನ್ನೂ ತಂದೆವು. ಬೆರಳಲ್ಲೇ ಡ್ರಿಲ್ ತಿರುವಿ ಎರಡೂ ಕಡೆ ತೂತು ಕೊರೆದು, ತಂತಿಯ ತುಂಡು ಸೇರಿಸಿ, ಕತ್ತರಿಸಿ ಉಳಿದ ಚೌಕಟ್ಟಿನ ಚೂರುಗಳನ್ನು ಥಿನ್ನರಿನಲ್ಲಿ ಕರಗಿಸಿ ಮಾಡಿದ ಗಂಜಿಯಿಂದ ಸಂದು ಮುಚ್ಚಿದ. ಈವತ್ತು ಯಾವ ಕಾಲು ಮುರಿದಿತ್ತೆಂದು ನನಗೂ ಗೊತ್ತಾಗುವುದಿಲ್ಲ.

ಪುಸ್ತಕದಲ್ಲಿ ಈ ಪ್ರಾಣಿಯ ಕಾಲ್ಪನಿಕ ಉದ್ದ ೨೧.೬ ಮೀಟರ್ ಎಂದಿದೆ. ಎಪ್ಪತ್ತೆರಡರಿಂದ ಭಾಗಿಸಿ ಮೂವತ್ತು ಸೆಂಟಿಮೀಟರ್ ಸರಿಯಾಗಿದೆಯೆ ಎಂದು ಅಳೆದ. ಈ ಎಪ್ಪತ್ತೆರಡು ಎಲ್ಲಿಂದ ಬಂತು ತಾತ ಎಂದಾಗ, ಆರು ಅಡಿಗೆ ಒಂದು ಅಂಗುಲ, ನಿಂತ ಮನುಷ್ಯ ಒಂದು ಅಂಗುಲವಾಗುವ ಅಳತೆ ಎಂದೆ. ಅವನಿಗೆ ಅಡಿ ಅಂಗುಲಗಳ ಲೆಕ್ಕ ಬಂದದ್ದು ಅಂದೇ. ಗಣಿತದ ಟ್ಯೂಷನ್ನಿಗೆ ನಾವು ತಿಂಗಳಿಗೆ ಕೊಡುವ ಹಣವನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ.

ಪರದೇಶದ ವಸ್ತು ಎಂಬ ಆಕ್ಷೇಪಣೆಗೆ ಬರೋಣ. ಯಂತ್ರದ ಮೃಗ ನಮಗೆ ಪರಕೀಯವೆ? ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಲ್ಲಿ ಒಂದು ಮರದ ಹುಲಿಯಿತ್ತು. ಸುಮಾರು ಆರಡಿ ಉದ್ದ, ಕೆಳಗೆ ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆರಗಿದ್ದು. ಹಿಡಿ ತಿರುವಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತಿತ್ತು, ಹುಲಿ ಗುರುಗುಟ್ಟುತ್ತಿತ್ತು, ಅವನು ನರಳುತ್ತಿದ್ದ. ೧೭೯೯ರಲ್ಲಿ ಪಟ್ಟಣ ಬಿದ್ದಾಗ ಆಂಗ್ಲರು ಅದನ್ನು ಹೊತ್ತೊಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಲಂಡನ್ನಿಗೆ ಹೋದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಅವರಿಗೆ ಅದು ಸಂಸ್ಕೃತಿ. ಹುಡುಗ ಮನೆಯಲ್ಲೇ ಕಟ್ಟಿದರೆ ಆಟಿಕೆ! ಇನ್ನು ಜಪಾನ್ ಎಂದರೆ ಮೂಗು ಮುರಿಯುವವರು ಚನ್ನಪಟ್ಟಣದಲ್ಲಿ ವಿಚಾರಿಸಲಿ. ಅಲ್ಲಿನ ಬಣ್ಣದ ಗೊಂಬೆಗಳ ಕೆಲಸದ ಮಾತು ಬಂದಾಗಲೆಲ್ಲ ಬಾವಸ್ ಮಿಯಾನ್ ಎಂಬವರ ಹೆಸರು ಬರುತ್ತದೆ, ಅದರ ಜೊತೆಗೇ ಜಪಾನಿನ ಅರಗಿನ ಕೆಲಸದಿಂದ ಕಲಿತ ವಿದ್ಯೆಯ ಮಾತೂ ಬರುತ್ತದೆ. ಕಳೆದ ನವರಾತ್ರಿಯಲ್ಲಿ ಮೂರನೆಯ ಮೆಟ್ಟಿಲಿನ ತುಂಬ ಇದ್ದದ್ದು ಚನ್ನಪಟ್ಟಣದ ಗೊಂಬೆಗಳೇ. ಐದನೆಯ ಮೆಟ್ಟಿಲಿನ ಪ್ಲಾಸ್ಟಿಕ್ ತೆಂಗಿನ ಮರಗಳ ವಿಚಾರ ನಾನು ಎತ್ತುವುದಿಲ್ಲ.

ಯುದ್ಧದ ಆಟಿಕೆ ಎಂದೂ ಒಬ್ಬರು ಹೇಳಿದರು. ಹೌದು, ಸಿಂಹದ ಬೆನ್ನ ಮೇಲೆ ಫಿರಂಗಿಗಳಿವೆ. ನನಗೂ ಅವು ಹಿಡಿಸಿಲ್ಲ. ಆದರೆ ಮೇಲಿನ ಮೆಟ್ಟಿಲಿನಲ್ಲಿ ಹದಿನೆಂಟು ಅಕ್ಷೋಹಿಣಿ ಸೈನ್ಯ ನಿಂತಿರುವಾಗ, ಅದರ ಮೇಲೆ ಸಾಕ್ಷಾತ್ ಮಹಿಷಾಸುರನ ಎದೆಗೆ ತ್ರಿಶೂಲ ಇಳಿದಿರುವಾಗ, ಈ ಮಾತಿಗೆ ಉತ್ತರ ಬೇಕೆ?

ಹಣದ ಮಾತಿನಲ್ಲಿ ಮಾತ್ರ ನಾನು ತಲೆ ತಗ್ಗಿಸುತ್ತೇನೆ. ಪೆಟ್ಟಿಗೆಗೆ ಸಾವಿರಗಟ್ಟಲೆ ರೂಪಾಯಿಯಾಗುತ್ತದೆ, ಎಲ್ಲ ಮನೆಗೂ ಇದು ಎಟುಕದು. ಈ ಹವ್ಯಾಸದಲ್ಲಿ ಇನ್ನೊಂದು ರೋಗವೂ ಇದೆ: ಕಟ್ಟುವುದಕ್ಕಿಂತ ಕೊಳ್ಳುವುದೇ ಹೆಚ್ಚಾಗಿ, ತೆರೆಯದ ಪೆಟ್ಟಿಗೆಗಳು ಮಂಚದ ಕೆಳಗೆ ಬೆಳೆಯುತ್ತ ಹೋಗುತ್ತವೆ. ವರ್ಷಕ್ಕೊಂದು, ಅದು ಮುಗಿಯದೆ ಇನ್ನೊಂದಿಲ್ಲ ಎಂದು ನಮ್ಮ ಮನೆಯಲ್ಲಿ ಕಟ್ಟುಮಾಡಿದ್ದೇನೆ. ಪ್ಲಾಸ್ಟಿಕ್ಕಿನ ಚೌಕಟ್ಟು ಕಸವಾಗುವುದೂ ನಿಜ. ಹಾಗೆಂದು ಹೆಸರು ಬರೆಸಿದ ಪ್ಲಾಸ್ಟಿಕ್ ಫಲಕಗಳನ್ನು ಪ್ರತಿ ವಾರ್ಷಿಕೋತ್ಸವದಲ್ಲೂ ಡಜನ್ನುಗಟ್ಟಲೆ ಹಂಚುವ ಸಂಘ ನನಗೆ ಅದನ್ನು ಹೇಳಬಾರದು.

ಇವೆಲ್ಲ ಮೇಲುಮಾತು. ನಿಜವಾದ ಆಕ್ಷೇಪಣೆಯನ್ನು ಆಡಿದವನು ಸಮಿತಿಯವನಲ್ಲ, ನನ್ನ ಮಗನೇ. ಗೊಂಬೆ ಹಬ್ಬದ ರಾತ್ರಿ ನಾನು ಸಿಟ್ಟಿನಿಂದ ಕೂಗಾಡುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ: "ಅಪ್ಪಾ, ಮೂವತ್ತಾರು ವರ್ಷ ನೀವು ಫೈಲು ತಿಕ್ಕಿದಿರಿ. ನನ್ನ ಕೈಗೆ ಗ್ರೀಸು ಹತ್ತಬಾರದೆಂದೇ ನನ್ನನ್ನು ಓದಿಸಿದಿರಿ. ಈಗ ಇವನ ಕೈಗೆ ನೀವೇ ಫೈಲು ಕೊಡುತ್ತೀರಲ್ಲ!"

ಇದಕ್ಕೆ ಆ ರಾತ್ರಿ ನಾನು ಉತ್ತರ ಕೊಡಲಿಲ್ಲ. ಕೊಡಲು ಬಾಯಿರಲಿಲ್ಲ. ೧೯೮೬ರಲ್ಲಿ, ಒಂಬತ್ತು ವರ್ಷದ ಇದೇ ಮಗ ಅಲಾರಾಂ ಗಡಿಯಾರವನ್ನು ಬಿಚ್ಚಿ ಹಲ್ಲುಚಕ್ರಗಳನ್ನು ಚಾಪೆಯ ಮೇಲೆ ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಜೋಡಿಸಿಟ್ಟಿದ್ದ. ಪಾಳಿ ಮುಗಿಸಿ ಬಂದ ನಾನು ಕೆನ್ನೆಗೆ ಬಾರಿಸಿದೆ. "ಪುಸ್ತಕ ಹಿಡಿ!" ಎಂದೆ. ಹಿಡಿದ. ಒಳ್ಳೆಯ ಕೆಲಸದಲ್ಲಿದ್ದಾನೆ, ಒಳ್ಳೆಯ ಮನೆ ಕಟ್ಟಿಸಿದ್ದಾನೆ. ಆ ಮನೆಯಲ್ಲಿ ನಲ್ಲಿಯ ವಾಷರು ಹೋದರೆ ಪ್ಲಂಬರು ಬರುವ ತನಕ ಬಕೆಟ್ಟು ಇಟ್ಟುಕೊಂಡು ಕೂರುತ್ತಾನೆ. ಆ ಚಕ್ರಗಳ ಸಾಲು ಎಷ್ಟು ನೇರವಾಗಿತ್ತೆಂಬುದು ನನಗೆ ಹೊಳೆದದ್ದು ಮೊಮ್ಮಗ ಮೇಜಿನ ಮೇಲೆ ಬಿಡಿಭಾಗಗಳನ್ನು ಹರಡಿದ ದಿನ. ಒಂದು ತಲೆಮಾರು ತಡವಾಗಿ!

ಹೊರನಾಡಿಗೆ ಬಂದ ನಮ್ಮಲ್ಲಿ ಎಷ್ಟು ಜನರ ಕಥೆ ಇದೇ ಅಲ್ಲವೆ? ನಮ್ಮ ಸಂಘ ಕಟ್ಟಿದವರಲ್ಲಿ ಫಿಟ್ಟರುಗಳಿದ್ದರು, ಟರ್ನರುಗಳಿದ್ದರು, ಹೊಟೇಲಿನ ಒಲೆಯ ಮುಂದೆ ಬೆಂದವರಿದ್ದರು. ಈವತ್ತಿಗೂ ವಿಜಯಪುರ, ಕಲಬುರಗಿಯ ಕಡೆಯಿಂದ ಬಂದವರು ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದಾರೆ. ಅವರು ನಮ್ಮ ಸಭಾಭವನದ ಮೆಟ್ಟಿಲನ್ನೇ ಹತ್ತಿಲ್ಲ ಎಂಬುದು ಬೇರೆ ಮಾತು. ಕೈಯಿಂದ ಅನ್ನ ಹುಟ್ಟಿಸಿದ ನಾವು ಕೈಗೇ ಹೇಸಲು ಮಕ್ಕಳಿಗೆ ಕಲಿಸಿದೆವು. ಆಯುಧಪೂಜೆಯಂದು ಕಾರಿಗೆ, ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕೈ ಮುಗಿಯುತ್ತೇವೆ. ಬಾನೆಟ್ಟಿನ ಒಳಗೆ ಏನಿದೆ ಎಂದು ಮಗು ಕೇಳಿದರೆ "ಮುಟ್ಟಬೇಡ, ಕೊಳೆಯಾಗುತ್ತದೆ" ಎನ್ನುತ್ತೇವೆ. ಸೆಪ್ಟೆಂಬರ್ ೧೫ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಬಿಗಿಯುತ್ತೇವೆ. ನೀರು ಏರಿದರೆ ತಾವೇ ತೆರೆದುಕೊಂಡು ಇಳಿದರೆ ತಾವೇ ಮುಚ್ಚಿಕೊಳ್ಳುವ ಅವರ ಬಾಗಿಲುಗಳನ್ನು ೧೯೦೩ರಲ್ಲಿ ಮೊದಲು ಕೂರಿಸಿದ್ದು ಇಲ್ಲೇ, ಈ ಪುಣೆಯ ಮಗ್ಗುಲಿನ ಖಡಕವಾಸಲಾದಲ್ಲಿ. ಭಾನುವಾರ ಅದೇ ಕೆರೆಯ ದಂಡೆಗೆ ಹೋಗಿ ಜೋಳದ ತೆನೆ ತಿಂದು ಬರುತ್ತೇವೆ. ಆ ಬಾಗಿಲುಗಳ ಕಥೆಯನ್ನು ಒಂದು ಮಗುವಿಗಾದರೂ ಹೇಳಿದ್ದೇವೆಯೆ?

ನಮ್ಮ ನೆರೆಯ ಮರಾಠಿ ಮನೆಗಳನ್ನು ನೋಡಿ. ದೀಪಾವಳಿ ಬಂತೆಂದರೆ ಮಕ್ಕಳೆಲ್ಲ ಅಂಗಳದಲ್ಲಿ ಮಣ್ಣು ಕಲಸಿ 'ಕಿಲ್ಲಾ' ಕಟ್ಟುತ್ತಾರೆ. ಬುರುಜು, ಬಾಗಿಲು, ಮೇಲೆ ಶಿವಾಜಿ ಮಹಾರಾಜರು, ಇಳಿಜಾರಿನಲ್ಲಿ ಮಾವಳೆಗಳು. ಓರೆಯಾದರೂ ಸರಿ, ಮಳೆಗೆ ಕರಗಿದರೂ ಸರಿ, ಹಿರಿಯರು ಬಂದು ನಿಂತು ನೋಡಿ, ಇದು ಯಾವ ಕೋಟೆ, ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾರೆ. ಕೇಳುತ್ತಾರೆ ಎಂಬುದನ್ನು ಗಮನಿಸಿ. ಆ ನೀಲಿ ಸಿಂಹದ ಬಗ್ಗೆ ಆ ಮೂರು ದಿನಗಳಲ್ಲಿ ನಮ್ಮವರು ಯಾರೂ ಹುಡುಗನಿಗೆ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಮುರಿದ ಕಾಲಿನ ಕಥೆ ಹೇಳುತ್ತಿದ್ದ. ಅದೂ ಕನ್ನಡದಲ್ಲೇ ಹೇಳುತ್ತಿದ್ದ, ಏಕೆಂದರೆ ಆ ಕೆಲಸದ ಮಾತೆಲ್ಲ ಅವನು ಕಲಿತದ್ದು ನನ್ನಿಂದ. ತಿರುಪು, ಗೂಟ, ಸಂದು, ಕೀಲು, ಹಲ್ಲುಚಕ್ರ ಎಂಬ ಮಾತುಗಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಆಡುವ ಹುಡುಗನ ಬಾಯಿಗೆ ಬಂದದ್ದು ನಮ್ಮ ಭಾನುವಾರದ ಕನ್ನಡ ತರಗತಿಯಿಂದಲ್ಲ.

ವಿಜಯದಶಮಿಯ ಸಂಜೆ ಅವನು ಸಿಂಹವನ್ನು ಮನೆಗೆ ತಂದು, ಬಾಲ ಬಿಚ್ಚಿ, ಬೆನ್ನಿನ ಫಿರಂಗಿ ಬಿಚ್ಚಿ, ಹಳೆಯ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲಿಟ್ಟ. ಕೇಳಿದರೆ "ಪರೀಕ್ಷೆ ಇದೆ ತಾತ" ಎನ್ನುತ್ತಾನೆ. ನಿಪ್ಪರು ಮಾತ್ರ ಅವನ ಕಂಪಾಸು ಪೆಟ್ಟಿಗೆಯಲ್ಲೇ ಇದೆ, ನಾನು ನೋಡಿದ್ದೇನೆ.

ಬರುವ ನವರಾತ್ರಿಗೆ ನಾನು ಸಮಿತಿಗೆ ಈಗಲೇ ಅರ್ಜಿ ಕೊಡುತ್ತಿದ್ದೇನೆ, ಇದನ್ನೇ ಅರ್ಜಿ ಎಂದು ತಿಳಿಯಬೇಕು. ನನ್ನ ಹೆಂಡತಿ ೧೯೭೬ರಲ್ಲಿ ಟ್ರಂಕಿನಲ್ಲಿ ಹೊತ್ತು ತಂದ ಪಟ್ಟದ ಗೊಂಬೆಗಳು ಇಷ್ಟು ವರ್ಷವೂ ನಿಮ್ಮ ಮೇಲಿನ ಮೆಟ್ಟಿಲಿನಲ್ಲಿ ಕುಳಿತಿವೆ. ಅವನ್ನು ಈ ಸಲವೂ ಕಳಿಸುತ್ತೇವೆ, ಸಿಂಹವೂ ಜೊತೆಯಲ್ಲಿ ಬರುತ್ತದೆ. ಬಂದರೆ ಎರಡೂ ಬರುತ್ತವೆ, ಇಲ್ಲವಾದರೆ ಎರಡೂ ಇಲ್ಲ. ಮಕ್ಕಳು ತಮ್ಮ ಕೈಯಿಂದ ಮಾಡಿದ್ದು ಏನೇ ಇರಲಿ, ರಟ್ಟಿನ ಬಸ್ಸಾಗಲಿ, ಬೆಂಕಿಪೊಟ್ಟಣದ ಮನೆಯಾಗಲಿ, ಕೆಳಗಿನ ಮೆಟ್ಟಿಲು ಅವರಿಗೆ ಬಿಡಬೇಕು. ಜಾಗ ಸಾಲದು ಎಂದು ಹೇಳಬೇಡಿ. ಮೊನ್ನೆ ಸಭೆಗೆ ಬಂದಾಗ ಟೇಪು ಹಿಡಿದು ನೋಡಿದ್ದೇನೆ. ಕೆಳಗಿನ ಹಲಗೆಯ ಅಗಲ ಹದಿನಾಲ್ಕು ಅಂಗುಲ, ಸಿಂಹ ಹನ್ನೆರಡು. ಮುಂದೆ ಒಂದು ದೀಪ ಇಡುವಷ್ಟು ಜಾಗ ಉಳಿಯುತ್ತದೆ.